ದೆವ್ವಕ್ಕೂ ಒಂದು ಜಾಗ, ಒಂದು ಹೊತ್ತು

“ಸರ, ದೆವ್ವದ ಪಾದ ಹಿಂದಮುಂದ ಇರ್ತಾವಂತ. ಖರೇನ್ರೀ?”

ಭೂಗೋಳದ ಪಿರಿಯಡ್‌ನಲ್ಲಿ ಹಿರೇಬೆಂಡಿಗೇರಿಯ ಏಳನೆಯ ತರಗತಿಯ ಹುಡುಗನೊಬ್ಬ ಕೇಳಿದ ಪ್ರಶ್ನೆ ಇದು. ಗೋಡೆಗೆ ತೂಗುಹಾಕಿದ ನಕಾಶೆಯಲ್ಲಿ ನಾನು ಮಧ್ಯ ಅಮೆರಿಕದ ಹೊಂಡುರಾಸ್ ದೇಶವನ್ನು ತೋರಿಸುತ್ತಿದ್ದೆ. ಮಕ್ಕಳ ತೂಕಡಿಕೆ ಬಿಡಿಸಲೆಂದು, ಅಲ್ಲಿಯ ಗುಡ್ಡಗಾಡಿನಲ್ಲಿ ಸಿಸಿಮಿತೆ ಎಂಬ ಮೈತುಂಬ ಕೂದಲಿನ ಜೀವಿ ಇದೆಯಂತೆ, ಅದರ ಪಾದಗಳು ಹಿಮ್ಮುಖವಂತೆ, ಹೆಜ್ಜೆಗುರುತು ಹಿಡಿದು ಹೋದವರು ದಾರಿ ತಪ್ಪುತ್ತಾರಂತೆ ಎಂದು ಹೇಳಿದ್ದೆ. ಯಾರೂ ನಗಲಿಲ್ಲ. ಅವರವರ ಅಜ್ಜಿಯರು ಹೇಳಿದ್ದೂ ಅದನ್ನೇ. ಹೊಂಡುರಾಸ್ ಎಲ್ಲಿ, ನಮ್ಮ ಶಿಗ್ಗಾಂವಿ ತಾಲೂಕು ಎಲ್ಲಿ!

ಹುಡುಗ ಬಿಡಲಿಲ್ಲ. “ನಮ್ಮ ಹೊಲದ ದಾರ್ಯಾಗಿನ ಹುಣಸಿ ಗಿಡದಾಗ ಒಂದೈತ್ರಿ. ಖರೆ ಐತೋ ಸುಳ್ಳೋ, ಹೇಳ್ರಿ.”

“ಅದನ್ನ ಆಮ್ಯಾಲೆ ನೋಡೂಣು. ಮೊದಲ ಮೂರು ಮಾತು ಕೇಳ್ಕೊಂಡು ಬಾ. ಅದು ಎಲ್ಲಿ ಕುಂತೈತಿ? ಯಾವ ಹೊತ್ತಿನ್ಯಾಗ ಬರ್ತೈತಿ? ಯಾರಿಗೆ ಕಾಣಸ್ತೈತಿ?”

ನಮ್ಮ ಜಾನಪದದ ವಿಚಿತ್ರ ಜೀವಿಗಳನ್ನು ಹೊಸದಾಗಿ ತಿಳಿಯಹೊರಟ ಯಾರಿಗೇ ಆಗಲಿ ನಾನು ಕೊಡುವ ಕೀಲಿಕೈ ಈ ಮೂರು ಪ್ರಶ್ನೆಗಳೇ. ಇದೆಯೋ ಇಲ್ಲವೋ ಎಂದು ಜಗಳಕ್ಕೆ ನಿಂತರೆ ಕಥೆ ಅಲ್ಲಿಗೇ ನಿಲ್ಲುತ್ತದೆ. ಅಲ್ಲೇ ಯಾಕೆ ಇದೆ ಎಂದು ಕೇಳಿದರೆ ಊರು ತನ್ನ ಬಗ್ಗೆ ತಾನೇ ಮಾತಾಡತೊಡಗುತ್ತದೆ.

ಮೊದಲು ಹೆಸರುಗಳು

ಹೊಸಬರು ಎಡವುವುದು ಹೆಸರುಗಳಲ್ಲಿ. ಆಸೆ ತೀರದೆ ಸತ್ತವರು ತಿರುಗಾಡುತ್ತಿದ್ದರೆ ನಮ್ಮ ಕಡೆ ಅದು ದೆವ್ವ. ರೂಪವಿಲ್ಲದೆ ಮೈಗೆ ತಾಕಿದ್ದು ಗಾಳಿ. ಸಂಜೆ ಹೊತ್ತು ಕೂಸು ಒಂದೇ ಸಮ ಅತ್ತರೆ ‘ಗಾಳಿ ಬಡದೈತಿ’ ಎನ್ನುತ್ತಾರೆ. ಕಲಿತ ವಿದ್ಯೆಯನ್ನು ಯಾರಿಗೂ ಕಲಿಸದೆ ಸತ್ತ ಪಂಡಿತ ಬ್ರಹ್ಮರಾಕ್ಷಸನಾಗಿ ಮರ ಸೇರುತ್ತಾನೆಂಬ ನಂಬಿಕೆಯೂ ಇದೆ. ಮೇಷ್ಟ್ರುಗಳು ನೆನಪಿಟ್ಟುಕೊಳ್ಳಬೇಕಾದ ಮಾತು!

ಭೂತ ಎಂಬ ಶಬ್ದವನ್ನು ಮಾತ್ರ ಜೋಪಾನವಾಗಿ ಬಳಸಿ. ಬಯಲುಸೀಮೆಯಲ್ಲಿ ಭೂತವೂ ದೆವ್ವವೂ ಹೆಚ್ಚುಕಡಿಮೆ ಒಂದೇ. ಘಟ್ಟ ಇಳಿದು ದಕ್ಷಿಣ ಕನ್ನಡಕ್ಕೋ ಕಾಸರಗೋಡಿಗೋ ಹೋದರೆ ಭೂತವೆಂದರೆ ದೈವ. ಅದಕ್ಕೆ ಗುಡಿ ಇದೆ, ಕೋಲ ಇದೆ, ಊರಿನ ವ್ಯಾಜ್ಯ ಬಗೆಹರಿಸುವ ಅಧಿಕಾರವಿದೆ. ಪಂಜುರ್ಲಿ ಅಲ್ಲಿಯ ಹಂದಿರೂಪದ ದೈವ. ಅದನ್ನು ದೆವ್ವ ಎಂದರೆ ಆ ಮನೆಯವರ ದೇವರನ್ನೇ ಬೈದಂತೆ.

ಇನ್ನೊಂದು ಗೊಂದಲ ನಮ್ಮ ತಾಲೂಕಿನದೇ. ಶಿಶುವಿನಹಾಳದ ಷರೀಫ ಸಾಹೇಬರ (1819–1889) ಪದಗಳಲ್ಲಿ ಸಣ್ಣ ಪ್ರಾಣಿಗಳು ದೊಡ್ಡವನ್ನು ನುಂಗಿಬಿಡುತ್ತವೆ. ಅವು ಗಿಡದಲ್ಲಿ ಕುಳಿತು ಹೆದರಿಸುವ ಜೀವಿಗಳಲ್ಲ, ಬೆಡಗಿನ ಜೀವಿಗಳು. ಒಳಗೊಂದು ಅರ್ಥ ಬಚ್ಚಿಟ್ಟು ಹೊರಗೆ ತಮಾಷೆ ತೋರಿಸುತ್ತವೆ. ಅವುಗಳ ದಾರಿ ಬೇರೆ.

ಗುಮ್ಮನಿಗೆ ಮುಖವಿಲ್ಲ

ನಾವೆಲ್ಲ ಮೊದಲು ಭೇಟಿಯಾದವನು ಗುಮ್ಮ. ಅವನು ಹೇಗಿದ್ದಾನೆ ಎಂದು ಯಾವ ತಾಯಿಯೂ ಹೇಳುವುದಿಲ್ಲ. ಹೇಳಿದರೆ ಅವನ ಕೆಲಸ ಕೆಟ್ಟಿತು. 16ನೇ ಶತಮಾನದ ಪುರಂದರದಾಸರ ಪದವೊಂದರಲ್ಲಿ ಬಾಲಕೃಷ್ಣನೇ ಗುಮ್ಮನ ಹೆಸರಿಗೆ ಹೆದರಿ ಯಶೋದೆಯ ಮುಂದೆ ಅಂಗಲಾಚುತ್ತಾನೆ. ಲೋಕಕ್ಕೇ ಒಡೆಯನಾದವನನ್ನೂ ಊಟಕ್ಕೆ ಕೂರಿಸಲು, ಮಲಗಿಸಲು ಗುಮ್ಮ ಬೇಕಾಯಿತು.

ಮೂರು ಪ್ರಶ್ನೆ ಹಾಕಿ ನೋಡಿ. ಎಲ್ಲಿ? ಹೊಸ್ತಿಲಾಚೆ. ಯಾವಾಗ? ದೀಪ ಹಚ್ಚಿದ ಮೇಲೆ. ಯಾರಿಗೆ? ಇನ್ನೂ ತಿರುಗಾಟ ಮುಗಿಸದ ಮಗುವಿಗೆ. ಚೇಳು, ಹಾವು, ಬಾವಿಗಳ ನಡುವೆ ಬಾಳಿದ ಮನೆಗಳಲ್ಲಿ ಕತ್ತಲಾದ ಮೇಲೆ ಮಗುವನ್ನು ಒಳಗೆ ಹಿಡಿದಿಡುವ ಕಾವಲುಗಾರ ಅವನು.

ದಾರಿಯಲ್ಲಿ ಸಿಗುವವರು

ಇನ್ನು ದಾರಿಯ ದೆವ್ವಗಳು. ಈ ಭಾಗದ ಕಥೆಗಳಲ್ಲಿ ಇವು ಸಭ್ಯವಾಗಿಯೇ ಮಾತಾಡಿಸುತ್ತವೆ. ಒಂಟಿ ಗಾಡಿಯವನನ್ನು ನಿಲ್ಲಿಸಿ ಬೀಡಿಗೆ ಬೆಂಕಿ ಕೇಳುತ್ತವೆ. ಮಲೆನಾಡು, ಕರಾವಳಿಯ ಕಡೆ ಮೋಹಿನಿ ಎಲೆಗೆ ಹಚ್ಚಲು ಸುಣ್ಣ ಕೇಳುತ್ತಾಳೆ. ಕೈಯಿಂದ ಕೊಡಬಾರದು, ಕಬ್ಬಿಣದ ಚೂರಿಯ ತುದಿಯಲ್ಲಿ ಕೊಡಬೇಕು ಎಂಬುದು ಅಲ್ಲಿಯ ಕಟ್ಟಳೆ. ಮಾತಾಡುವಾಗ ಎಲ್ಲ ಸರಿಯಾಗಿರುತ್ತದೆ. ಕೆಳಗೆ ನೋಡಿದರೆ ಪಾದ ಹಿಮ್ಮುಖ!

ಪಾದವೇ ಯಾಕೆ? ನನ್ನದೊಂದು ಊಹೆ ಇದೆ. ರಾತ್ರಿ ಪಯಣದ ಚಕ್ಕಡಿಯಲ್ಲಿ ಕಂದೀಲನ್ನು ಗಾಡಿಯ ಕೆಳಗೆ, ಅಚ್ಚಿನ ಹತ್ತಿರ ಕಟ್ಟುತ್ತಿದ್ದರು. ಗಾಲಿ ಉರುಳಿದಂತೆ ಅದರ ಬೆಳಕು ತೂಗಾಡುತ್ತ ಮಣ್ಣಿನ ದಾರಿಯನ್ನಷ್ಟೇ ತೋರಿಸುತ್ತಿತ್ತು. ಎದುರು ಬಂದವನ ಮುಖ ಕತ್ತಲಲ್ಲಿ, ಪಾದ ಬೆಳಕಲ್ಲಿ. ಗುರುತು ಹಿಡಿಯಬೇಕಾದದ್ದು ಪಾದದಿಂದಲೇ. ಹೀಗಿರುವಾಗ ಅನುಮಾನವೂ ಅಲ್ಲಿಂದಲೇ ಹುಟ್ಟಿದ್ದರೆ ಅಚ್ಚರಿಯೇನು?

ಹೊಂಡುರಾಸಿನಲ್ಲೂ ಇಂಥವಳೊಬ್ಬಳಿದ್ದಾಳೆ, ಲಾ ಸೂಸಿಯಾ. ಅವರ ಸ್ಪ್ಯಾನಿಶ್ ಮಾತಿನಲ್ಲಿ ಹಾಗೆಂದರೆ ಕೊಳಕಿ. ರಾತ್ರಿ ಹೊಳೆಯ ದಂಡೆಯಲ್ಲಿ ಚೆಲುವೆಯಾಗಿ ಕಾಣಿಸಿಕೊಂಡು, ಕುಡಿದು ಅಲೆಯುವ ಗಂಡಸರನ್ನು ಸೆಳೆದು, ಹತ್ತಿರ ಬಂದೊಡನೆ ಭಯಂಕರ ರೂಪ ತೋರಿಸುತ್ತಾಳೆ. ಮನೆಯಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಅಲೆಯುವವನಿಗೇ ಅವಳು ಕಾಣುವುದು ಎಂಬಲ್ಲಿ ಮೂರನೆಯ ಪ್ರಶ್ನೆಯ ಉತ್ತರವಿದೆ. ಅದೇ ನಾಡಿನಲ್ಲಿ ಕದೇಹೊ ಎಂಬ ನಾಯಿಯೂ ಇದೆ. ಬಿಳಿಯದು ರಾತ್ರಿ ಪಯಣಿಗನನ್ನು ಕಾಯುತ್ತದೆ, ಕರಿಯದು ಕಾಡುತ್ತದೆ.

ನಮ್ಮ ದೆವ್ವಗಳಿಗೆ ಇನ್ನೊಂದು ಹೊತ್ತೂ ಉಂಟು, ಮಟಮಟ ಮಧ್ಯಾಹ್ನ. ಆ ಹೊತ್ತಿನಲ್ಲಿ ಹೊಲಕ್ಕೆ ಬುತ್ತಿ ಒಯ್ಯುವಾಗ ಗಂಟಿನಲ್ಲಿ ಒಂದು ಚೂರು ಇದ್ದಿಲು ಇಟ್ಟು ಕಳಿಸುವ ಅಜ್ಜಿಯರು ಈಗಲೂ ಇದ್ದಾರೆ. ಚೈತ್ರ ವೈಶಾಖದ ಬಿಸಿಲಲ್ಲಿ ನೆರಳಿಲ್ಲದ ದಾರಿ ಹಿಡಿದವರು ತಲೆತಿರುಗಿ ಬೀಳುವುದು ಹೊಸತಲ್ಲ. ‘ಬಿಸಲಾಗ ಹೋಗಬ್ಯಾಡ’ ಎಂದರೆ ಹುಡುಗರು ಕೇಳುವುದಿಲ್ಲ. ‘ದೆವ್ವ ತಿರಗೂ ಹೊತ್ತು’ ಎಂದರೆ ಕೇಳುತ್ತಾರೆ.

ಹಾನಗಲ್ಲಿನ ಕಡೆಗೆ, ಮಲೆನಾಡಿನ ಅಂಚಿಗೆ ಸರಿದಂತೆ ಕೆರೆ, ಗದ್ದೆ, ಜೌಗು ಹೆಚ್ಚು. ಅಂಥಲ್ಲಿ ಕೊಳ್ಳಿದೆವ್ವದ ಕಥೆಗಳು. ದೂರದಲ್ಲೊಂದು ಪಂಜು ಉರಿಯುತ್ತದೆ. ಹತ್ತಿರ ಹೋದಷ್ಟೂ ಅದು ಹಿಂದೆ ಸರಿಯುತ್ತದೆ. ಕೊಳೆತ ಎಲೆ, ಕೆಸರಿನಿಂದ ಏಳುವ ಅನಿಲ ಹೊತ್ತಿಕೊಳ್ಳುತ್ತದೆ ಎಂಬುದು ಇದಕ್ಕೆ ವಿಜ್ಞಾನದವರು ಹಿಂದಿನಿಂದಲೂ ಮುಂದಿಡುವ ವಿವರಣೆ. ಕಥೆಯ ಬುದ್ಧಿಮಾತು ಅದಕ್ಕಿಂತ ಸರಳ: ಬೆಳಕು ಕಂಡಿತೆಂದು ರಾತ್ರಿ ದಾರಿ ಬಿಟ್ಟು ಇಳಿಯಬೇಡ, ಕಾಲಡಿ ಕೆಸರಿದೆ.

ನಿಧಿಯ ಹಾವು

ನಾಗರ ಪಂಚಮಿಗೆ ಉಂಡಿ ಕಟ್ಟಿ, ಜೋಕಾಲಿ ಜೀಕಿ, ಹುತ್ತಕ್ಕೆ ಹಾಲೆರೆಯುವ ಮಕ್ಕಳಿಗೆ ನಿಧಿ ಕಾಯುವ ಸರ್ಪ ಗೊತ್ತೇ ಇರುತ್ತದೆ. ಹಳೆಯ ಗುಡಿಯ ಅಡಿಯಲ್ಲಿ ಕೊಪ್ಪರಿಗೆ ಹೊನ್ನು, ಅದರ ಮೇಲೆ ಹೆಡೆ ಬಿಚ್ಚಿದ ಹಾವು. ಹೊನ್ನು ತೆಗೆದವನ ವಂಶ ಉದ್ಧಾರವಾಗುವುದಿಲ್ಲ ಎಂದು ಕಥೆ ಮುಗಿಯುತ್ತದೆ. ನಿಧಿಯಾಸೆಗೆ ಹಾಳು ಗುಡಿಗಳ ಗರ್ಭಗುಡಿ ಅಗೆದು, ಲಿಂಗ ಕಿತ್ತೆಸೆದು ಹೋಗುವವರ ಕಾಟ ನಾಡಿನ ತುಂಬ ಇದೆ. ಎಷ್ಟೋ ಗುಡಿಗಳಿಗೆ ಬೀಗ ಇರಲಿಲ್ಲ, ಕಾವಲುಗಾರನೂ ಇರಲಿಲ್ಲ. ಈ ಕಥೆಯೊಂದೇ ಅವುಗಳ ಬಾಗಿಲು ಕಾಯುತ್ತಿತ್ತು.

ಕಲ್ಲಿನಲ್ಲಿ ನಿಂತವು

ಬಾಯಿಮಾತಿನ ಜೀವಿಗಳಂತೆ ಕಲ್ಲಿನ ಜೀವಿಗಳೂ ನಮ್ಮ ಸುತ್ತಲೇ ಇವೆ. ಹಾನಗಲ್ಲಿನ ತಾರಕೇಶ್ವರ, ಬಂಕಾಪುರ ಕೋಟೆಯ ನಗರೇಶ್ವರ, ಹಾವೇರಿಯ ಸಿದ್ಧೇಶ್ವರ, ಹೊಳೆದಂಡೆಯ ಗಳಗನಾಥ, ಇವೆಲ್ಲ ಕಲ್ಯಾಣ ಚಾಲುಕ್ಯರ ಕಾಲದ ಶೈಲಿಯ ಗುಡಿಗಳು. ಇಂಥ ಗುಡಿಗಳಿಗೆ ಹೋದಾಗ ದೇವರಿಗೆ ಕೈಮುಗಿದ ಮೇಲೆ ತಲೆಯೆತ್ತಿ ನೋಡುವ ರೂಢಿ ಇಟ್ಟುಕೊಳ್ಳಿ.

ಮೊದಲು ಹುಡುಕಬೇಕಾದದ್ದು ಕೀರ್ತಿಮುಖ: ಉಬ್ಬಿದ ಕಣ್ಣು, ಅಗಲಿಸಿದ ಬಾಯಿ, ಸಾಮಾನ್ಯವಾಗಿ ಕೆಳದವಡೆ ಇಲ್ಲ, ಮೈಯಂತೂ ಇಲ್ಲವೇ ಇಲ್ಲ. ಪುರಾಣದ ಕಥೆ ಹೀಗಿದೆ. ಜಲಂಧರನ ದೂತನಾಗಿ ಬಂದ ರಾಹು ಶಿವನ ಮುಂದೆ ಪಾರ್ವತಿಯನ್ನೇ ಕೇಳಿದ. ಸಿಟ್ಟಿನಿಂದ ಹುಟ್ಟಿದ ಹಸಿದ ಜೀವಿ ರಾಹುವನ್ನು ನುಂಗಹೊರಟಿತು. ಅವನು ಶರಣೆಂದ, ಶಿವ ಬಿಡಿಸಿದ. ‘ನನ್ನ ಹಸಿವಿಗೇನು ಗತಿ?’ ಎಂದು ಆ ಜೀವಿ ಕೇಳಿದ್ದಕ್ಕೆ ‘ನಿನ್ನನ್ನೇ ತಿನ್ನು’ ಎಂದ. ಅದು ಕಾಲಿನಿಂದ ಶುರುಮಾಡಿ ಮುಖವೊಂದನ್ನುಳಿಸಿ ಎಲ್ಲ ತಿಂದಿತು. ಮೆಚ್ಚಿದ ಶಿವ ಅದಕ್ಕೆ ತನ್ನ ಬಾಗಿಲಲ್ಲಿ ಜಾಗ ಕೊಟ್ಟ. ಹೊಸ ಮನೆಗೆ ದೃಷ್ಟಿಯಾಗದಿರಲೆಂದು ನಾವು ಕಟ್ಟುವ ಕೋರೆಹಲ್ಲಿನ ಮುಖವನ್ನು ಒಮ್ಮೆ ಇದರ ಪಕ್ಕದಲ್ಲಿಟ್ಟು ನೋಡಿ. ಇಬ್ಬರದೂ ಒಂದೇ ಕೆಲಸ.

ಆಮೇಲೆ ಮಕರ: ಆನೆಯ ಸೊಂಡಿಲು, ಮೊಸಳೆಯ ಬಾಯಿ, ಸಿಂಹದ ಕಾಲು, ನವಿಲಿನ ಬಾಲ. ಅದು ನೀರಿನ ಜೀವಿ, ಗಂಗೆಯ ವಾಹನ.

ಇವೆಲ್ಲಕ್ಕಿಂತ ದೊಡ್ಡ ಹೆಸರು ಗಂಡಭೇರುಂಡದ್ದು. ಎರಡು ತಲೆಯ, ಆನೆಯನ್ನೂ ಎತ್ತಿಕೊಂಡು ಹಾರಬಲ್ಲ ಹಕ್ಕಿ. ಹಿರೇಕೆರೂರಿನಿಂದ ಶಿಕಾರಿಪುರ ತಾಲೂಕಿನ ಬಳ್ಳಿಗಾವಿ ಹತ್ತಿರವೇ. ಅಲ್ಲಿ 1047ರಲ್ಲಿ ಬನವಾಸಿ ನಾಡನ್ನಾಳುತ್ತಿದ್ದ ಚಾಮುಂಡರಾಯ ನಿಲ್ಲಿಸಿದ ಸುಮಾರು 30 ಅಡಿ ಎತ್ತರದ ಕಂಬವಿದೆ. ಅದರ ಮೇಲಿನ ಭೇರುಂಡನಿಗೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯದಲ್ಲಿ ಅದು ಕೊಕ್ಕು, ಉಗುರುಗಳಲ್ಲಿ ಆನೆಗಳನ್ನು ಹಿಡಿದಿದೆ. ಮೈಸೂರು ಒಡೆಯರ ಲಾಂಛನವಾಗಿದ್ದ ಅದೇ ಹಕ್ಕಿ ಇಂದು ಕರ್ನಾಟಕ ಸರ್ಕಾರದ ಲಾಂಛನದ ನಡುವೆ ಇದೆ. ನಾಡಕಚೇರಿಯಿಂದ ತಂದ ಜಾತಿ-ಆದಾಯ ಪ್ರಮಾಣಪತ್ರವನ್ನು ಹುಡುಗರ ಕೈಯಲ್ಲಿ ಕೊಟ್ಟು, ಲಾಂಛನದ ಎಡಬಲದಲ್ಲಿ ನಿಂತ ಪ್ರಾಣಿ ಯಾವುದು ಹೇಳಿ ಎನ್ನುತ್ತೇನೆ. ಹುಲಿ, ಕುದುರೆ ಎಂದೆಲ್ಲ ಹೇಳಿ ಸೋಲುತ್ತಾರೆ. ಸಿಂಹದ ಮೈಗೆ ಆನೆಯ ತಲೆ ಇಟ್ಟ ಜೀವಿ ಅದು. ಅದನ್ನು ಶರಭವೆಂದು ಕರೆಯುತ್ತಾರೆ.

1117ರ ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಇವೆರಡೂ ಒಂದೇ ಶಿಲ್ಪದಲ್ಲಿ ಸಿಗುತ್ತವೆ. ಜಿಂಕೆಯನ್ನು ಹೆಬ್ಬಾವು ನುಂಗುತ್ತಿದೆ, ಹೆಬ್ಬಾವನ್ನು ಆನೆ ಎಳೆಯುತ್ತಿದೆ, ಆನೆಯ ಮೇಲೆ ಸಿಂಹ, ಸಿಂಹದ ಮೇಲೆ ಶರಭ, ಶರಭದ ಮೇಲೆ ಗಂಡಭೇರುಂಡ. ಇದನ್ನೆಲ್ಲ ನೋಡುತ್ತ ಬೆರಗಾಗಿ ನಿಂತ ಮುನಿಯೊಬ್ಬನೂ ಇದ್ದಾನೆ. ಬಲವುಳ್ಳವನಿಗೂ ಮೇಲೊಬ್ಬನಿದ್ದಾನೆ ಎಂಬ ಎಚ್ಚರಿಕೆಯನ್ನು ಅರಸರ ಕಾಲದ ಶಿಲ್ಪಿ ಹೀಗೆ ಸದ್ದಿಲ್ಲದೆ ಕೊರೆದಿಟ್ಟ.

ಹೊಸ ದೆವ್ವ, ಹಳೆಯ ಎಚ್ಚರ

ಇವೆಲ್ಲ ಹಿಂದಿನ ಕಾಲದವು ಎಂದುಕೊಳ್ಳಬೇಡಿ. 1990ರ ದಶಕದಲ್ಲಿ ರಾತ್ರಿ ಬಾಗಿಲು ಬಡಿಯುವ ದೆವ್ವದ ಸುದ್ದಿ ಬೆಂಗಳೂರಿನಿಂದ ಹಳ್ಳಿಗಳವರೆಗೆ ಹಬ್ಬಿತ್ತು. ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆರೆದರೆ ಮುಗಿಯಿತು. ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರು. ದೆವ್ವ ಅದನ್ನು ಓದಿ ಮರಳುತ್ತದೆ, ಮರುದಿನ ಬಂದಾಗಲೂ ಅಲ್ಲಿ ‘ನಾಳೆ ಬಾ’ ಎಂದೇ ಇರುತ್ತದೆ. ನೆರೆಯವನ ಪರಿಚಯವಿಲ್ಲದ ಓಣಿಗಳಿಗೆ ಹೊಸ್ತಿಲ ಹೊಸ ಕಾವಲು ಬೇಕಾಗಿತ್ತು. ದೆವ್ವ ಅಕ್ಷರ ಕಲಿತಿತ್ತು.

ಆದರೆ ಒಂದು ಗೆರೆ ಎಳೆಯಲೇಬೇಕು. ಕಥೆ ಕೇಳುವುದು ಬೇರೆ, ಮೈಮೇಲೆ ದೆವ್ವ ಬಂದಿದೆಯೆಂದು ಒಬ್ಬಳನ್ನು ಕಟ್ಟಿಹಾಕಿ ಹೊಡೆಯುವುದು ಬೇರೆ. ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ 2017ರ ಕರ್ನಾಟಕದ ಕಾಯ್ದೆಯಲ್ಲಿ ಅದು ಅಪರಾಧ. ಮೂರ್ಛೆ ಬಂದವರನ್ನು, ಹಾವು ಕಚ್ಚಿದವರನ್ನು ಮೊದಲು ದವಾಖಾನೆಗೆ ಒಯ್ಯಿರಿ.

ಸಂಗ್ರಹಕ್ಕೆ ಹೊರಡುವವರಿಗೆ ನಮ್ಮ ತಾಲೂಕಿನಷ್ಟು ಅನುಕೂಲದ ಜಾಗ ಕಡಿಮೆ. 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇಲ್ಲಿಯ ಗೊಟಗೋಡಿಯಲ್ಲೇ ಇದೆ. ಆದರೂ ಮೊದಲ ಪಾಠ ಮನೆಯ ಅಂಗಳದಲ್ಲಿ ಆಗಲಿ. ಅಜ್ಜಿ ಗೋವಿನಜೋಳ ಸುಲಿಯುತ್ತ ಕುಳಿತಾಗ ಪಕ್ಕದಲ್ಲಿ ಕುಳಿತು ನೀವೂ ಸುಲಿಯಿರಿ. ಕೈ ದುಡಿಯುತ್ತಿದ್ದರೆ ಬಾಯಿ ತಾನೇ ಬಿಚ್ಚುತ್ತದೆ. ನಡುವೆ ತಿದ್ದಬೇಡಿ, ನಗಬೇಡಿ. ಗಿಡ, ಹಳ್ಳ, ತಿರುವುಗಳ ಹೆಸರನ್ನು ಅವರು ಹೇಳಿದಂತೆಯೇ ಬರೆದುಕೊಳ್ಳಿ.

ವಾರ ಕಳೆದು ಆ ಹುಡುಗ ಬಂದ. ನೋಟುಬುಕ್ಕಿನಲ್ಲಿ ಮೂರು ಉತ್ತರ ಬರೆದಿದ್ದ. ಎಲ್ಲಿ: ಹುಣಸಿ ಗಿಡದ ಬುಡದಲ್ಲಿ, ಹಳೆಯ ಬಾವಿಯ ಹತ್ತಿರ. ಯಾವಾಗ: ಮಧ್ಯಾಹ್ನ, ಮತ್ತೆ ಹೊತ್ತು ಮುಳುಗಿದ ಮೇಲೆ. ಯಾರಿಗೆ: ಒಬ್ಬರೇ ಹೋಗುವ ಸಣ್ಣ ಹುಡುಗರಿಗೆ.

“ಬಾವಿಗೆ ಕಟ್ಟಿ ಐತೇನೋ?” ಎಂದೆ.

“ಇರಲಿಲ್ಲಂತ್ರಿ. ಅದಕ್ಕ ಮುಚ್ಚಿಬಿಟ್ಟಾರ್ರಿ, ನಮ್ಮಪ್ಪ ಸಣ್ಣವ ಇದ್ದಾಗನ.” ಸ್ವಲ್ಪ ಹೊತ್ತು ನೆಲ ನೋಡುತ್ತ ನಿಂತು, ಆಮೇಲೆ ಹೇಳಿದ: “ದೆವ್ವಕ್ಕ ಯಾರೂ ಹೇಳಿಲ್ಲ ಕಾಣಸ್ತೈತ್ರಿ ಸರ. ಇನ್ನೂ ಕಾಯಾಕತ್ತೈತಿ.”