ಮಗುವಿನ ಲೆಕ್ಕ ಬೇರೆ ಪುಟದಲ್ಲಿ ಬರೆಯಿರಿ

ನಮ್ಮ ಕಡೆ ಗಂಡ ಹೆಂಡತಿ ಬೇರೆಯಾಗುವ ಮಾತು ಬಂತೆಂದರೆ ಕೋರ್ಟಿಗಿಂತ ಮೊದಲು ಹಿರಿಯರು ಕೂಡುತ್ತಾರೆ. ಬೈಲಹೊಂಗಲವಿರಲಿ, ಕಿತ್ತೂರಿರಲಿ, ಸವದತ್ತಿ ರಾಮದುರ್ಗದ ಹಳ್ಳಿಗಳಿರಲಿ, ಯಾರದೋ ಪಡಸಾಲೆಯಲ್ಲಿ ಜಮಖಾನೆ ಬೀಳುತ್ತದೆ, ಎರಡು ಸಲ ಚಹಾ ಆಗುತ್ತದೆ. ಕೊನೆಗೆ ಒಬ್ಬರು ಹೇಳುತ್ತಾರೆ: "ಒಂದೀಟ ರೊಕ್ಕಾ ಕೊಟ್ಟ ಕೈ ತೊಳ್ಕೋರಿ, ಇಬ್ಬರಿಗೂ ಚಲೋ." ಬಾಂಡ್ ಮೇಲೆ ಸೋಡಚೀಟಿ ಬರೆಸುತ್ತಾರೆ. ಬಂಗಾರ, ಹಾಂಡೆ, ತಿಜೋರಿ, ಮದುವೆಯ ಖರ್ಚು ಎಲ್ಲವೂ ಅದರಲ್ಲಿ ಬರುತ್ತವೆ. ಮಗುವಿನ ಪಾಲಿಗೆ ಒಂದೇ ಸಾಲು: ತಾಯಿಯ ಹತ್ತಿರ ಇರತಕ್ಕದ್ದು.

ಕಿತ್ತೂರಿನಲ್ಲಿರುವ ನನ್ನ ದೊಡ್ಡವ್ವನ ಮಗಳು ಹೀಗೆಯೇ ಎರಡು ಲಕ್ಷ ರೂಪಾಯಿಗೆ ಸಹಿ ಮಾಡಿದಳು. ಆಗ ಮಗನಿಗೆ ನಾಲ್ಕು ವರ್ಷ. ಅವನಿಗೆ ಹದಿನೆಂಟು ತುಂಬಲು ಇನ್ನೂ 14 ವರ್ಷ, ಅಂದರೆ 168 ತಿಂಗಳು. ಭಾಗಿಸಿದರೆ ತಿಂಗಳಿಗೆ 1,190 ರೂಪಾಯಿ. ಅದೂ ಆ ಹಣ ಮಗುವಿಗಲ್ಲದೆ ಬೇರೆ ಯಾವುದಕ್ಕೂ ಹೋಗದಿದ್ದರೆ. ವರ್ಷಕ್ಕೆ ಶೇ 6ರಷ್ಟು ಬೆಲೆ ಏರಿದರೆ ಹನ್ನೆರಡು ವರ್ಷದಲ್ಲಿ ಖರ್ಚು ಎರಡರಷ್ಟಾಗುತ್ತದೆ. ಎರಡು ಲಕ್ಷ ಮಾತ್ರ ಎರಡು ಲಕ್ಷವಾಗಿಯೇ ಉಳಿಯುತ್ತದೆ. ಅದೂ ಉಳಿಯಲಿಲ್ಲ. ಅರ್ಧ ತವರಿನ ಬೋರ್‌ವೆಲ್‌ಗೆ ಹೋಯಿತು, ಉಳಿದದ್ದು ಹಳೆಯ ಸಾಲಕ್ಕೆ. ಹುಡುಗ ಹೈಸ್ಕೂಲು ಸೇರುವ ಹೊತ್ತಿಗೆ ಕೈಯಲ್ಲಿ ಬಾಂಡ್ ಪೇಪರ್ ಒಂದೇ ಇತ್ತು.

ಆ ಕಾಗದಕ್ಕೂ ಜನ ತಿಳಿದಷ್ಟು ಬಲ ಇಲ್ಲ. 1955ರ ಹಿಂದೂ ವಿವಾಹ ಕಾಯ್ದೆ ರೂಢಿಯ ವಿಚ್ಛೇದನವನ್ನು ಒಪ್ಪುತ್ತದೆ ನಿಜ, ಆದರೆ ಆ ಸಮುದಾಯದಲ್ಲಿ ಅಂಥ ರೂಢಿ ಉಂಟೆಂದು ಸಾಕ್ಷಿ ಸಮೇತ ತೋರಿಸಬೇಕು. ತೋರಿಸಲಾಗದಿದ್ದರೆ ಮದುವೆ ಇನ್ನೂ ಮುಗಿದಿಲ್ಲವೆಂದೇ ಲೆಕ್ಕ. ಇನ್ನು "ಮುಂದೆ ಮಗುವಿಗೆ ಏನೂ ಕೇಳುವುದಿಲ್ಲ" ಎಂದು ತಾಯಿ ಬರೆದುಕೊಟ್ಟರೂ ಮಗುವಿನ ಜೀವನಾಂಶದ ಹಕ್ಕು ಹೋಗುವುದಿಲ್ಲ, ಅದು ಅವಳು ಬಿಟ್ಟುಕೊಡುವ ಆಸ್ತಿಯೇ ಅಲ್ಲ. ಅಪ್ಪನ ಕಡೆಯ ಪಿತ್ರಾರ್ಜಿತ ಹೊಲದಲ್ಲಿ ಮಗನಿಗಿರಲಿ ಮಗಳಿಗಿರಲಿ ಇರುವ ಪಾಲೂ ಅಪ್ಪ ಅವ್ವ ಬೇರೆಯಾದರೆಂದು ಅಳಿಯುವುದಿಲ್ಲ.

ನನ್ನ ವಿಷಯಕ್ಕೆ ಬರುತ್ತೇನೆ. ನಾನು ಬೈಲಹೊಂಗಲದಲ್ಲಿ ಒಂದು ಪತ್ತಿನ ಸಂಘದಲ್ಲಿ ಲೆಕ್ಕ ಬರೆಯುವವಳು. ಮಗಳ ಅಪ್ಪ ರಾಮದುರ್ಗದ ಕಡೆ ಎರೆಹೊಲದ ರೈತರು. ಪ್ರಕರಣ ಕೋರ್ಟಿಗೆ ಹೋದ ಮೇಲೆ ನ್ಯಾಯಾಧೀಶರು ನಮ್ಮನ್ನು ಮಧ್ಯಸ್ಥಿಕೆಗೆ ಕಳಿಸಿದರು. ಅಷ್ಟರೊಳಗೆ ನನ್ನ ಕಡೆಯವರು ತಿಂಗಳಿಗೆ ಎಂಟು ಸಾವಿರ ಕೇಳಿದ್ದರು, ಅವರ ಕಡೆಯವರು ಎರಡು ಸಾವಿರದ ಮೇಲೆ ಒಂದು ಪೈಸೆ ಇಲ್ಲ ಅಂದಿದ್ದರು. ಮಧ್ಯಸ್ಥಗಾರ್ತಿ ಇಬ್ಬರ ಅಂಕಿಯನ್ನೂ ಬದಿಗಿಟ್ಟು ಮಗಳ ಅಪ್ಪನನ್ನು ಕೇಳಿದರು: "ನಿಮ್ಗ ರೊಕ್ಕಾ ಯಾವಾಗ ಬರ್ತೈತಿ?"

"ಹೆಸರ ಮಾರಿದಾಗ ಒಮ್ಮಿ, ಕಡ್ಲಿ ಮಾರಿದಾಗ ಒಮ್ಮಿ ಬರ್ತೈತ್ರಿ ಮೇಡಂ. ತಿಂಗಳಾ ಅಂದ್ರ ಎಲ್ಲಿಂದ ತರ್ಲ್ರಿ?"

ಆ ದಿನದವರೆಗೆ ಈ ಪ್ರಶ್ನೆಯನ್ನು ವಕೀಲರಾಗಲಿ ಹಿರಿಯರಾಗಲಿ ಕೇಳಿರಲಿಲ್ಲ. ಜೀವನಾಂಶದ ಆದೇಶ ಸಾಮಾನ್ಯವಾಗಿ ತಿಂಗಳ ಲೆಕ್ಕದಲ್ಲಿ ಬರುತ್ತದೆ, ಸಂಬಳದವರಿಗೆ ಅದು ಸರಿ. ಮುಂಗಾರಿ ಹಿಂಗಾರಿ ನಂಬಿದವನು ಜೂನ್ ತಿಂಗಳಲ್ಲಿ ಬೀಜ ಗೊಬ್ಬರಕ್ಕೇ ಸಾಲ ಎತ್ತುತ್ತಾನೆ, ಶಾಲೆಯ ಫೀ ಕಟ್ಟುವುದೂ ಅದೇ ತಿಂಗಳು. ಕೊಡುವ ಮನಸ್ಸಿದ್ದರೂ ಬಾಕಿ ಬೀಳುತ್ತದೆ, ಬಾಕಿ ಬಿದ್ದರೆ ವಾರಂಟ್, ವಾರಂಟ್ ಬಂದರೆ ಮಗಳನ್ನು ನೋಡಲು ಬರುವುದೂ ನಿಲ್ಲುತ್ತದೆ.

ನಾವು ಒಪ್ಪಿದ್ದು ಹೀಗೆ. ತಿಂಗಳ 5ನೇ ತಾರೀಖಿಗೆ 2,000. ಹೆಸರು ಮಾರಿದ ಮೇಲೆ, ಸೆಪ್ಟೆಂಬರ್ ಮುಗಿಯುವುದರೊಳಗೆ 12,000. ಕಡಲೆ ಮಾರಿದ ಮೇಲೆ, ಮಾರ್ಚ್ ಮುಗಿಯುವುದರೊಳಗೆ 30,000. ವರ್ಷಕ್ಕೆ 66,000, ಅಂದರೆ ತಿಂಗಳಿಗೆ 5,500 ಬಿದ್ದಂತಾಯಿತು. ಮಾರ್ಚ್‌ನ ಹಣವನ್ನು ಮಗಳ ಖಾತೆಯಲ್ಲಿಟ್ಟು ಜೂನ್‌ನಲ್ಲಿ ಫೀ, ಸಮವಸ್ತ್ರ, ಪುಸ್ತಕಕ್ಕೆ ತೆಗೆಯುತ್ತೇನೆ. ಎರಡು ವರ್ಷಕ್ಕೊಮ್ಮೆ ಶೇ 10 ಏರಿಕೆ. ಆಸ್ಪತ್ರೆ ಖರ್ಚು ಅರ್ಧರ್ಧ, ಬಿಲ್ಲಿನ ಫೋಟೊ ಅದೇ ದಿನ ವಾಟ್ಸ್ಆ್ಯಪ್‌ಗೆ. ಸರ್ಕಾರ ತಾಲೂಕನ್ನು ಬರಪೀಡಿತ ಎಂದು ಘೋಷಿಸಿದ ವರ್ಷ ಸುಗ್ಗಿಯ ಕಂತು ಅರ್ಧ, ಉಳಿದರ್ಧ ಮುಂದಿನ ವರ್ಷಕ್ಕೆ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಪಟ್ಟಿಯಲ್ಲಿದ್ದವು. ಈ ಭಾಗದಲ್ಲಿ ಬರದ ಕಲಮು ಇಲ್ಲದ ಕರಾರು ಕರಾರೇ ಅಲ್ಲ.

ಭೇಟಿಯ ಕಲಮಿನಲ್ಲೂ ಹಣವಿದೆ. ಶನಿವಾರ ಮಧ್ಯಾಹ್ನ ಸವದತ್ತಿ ಬಸ್ ನಿಲ್ದಾಣದಲ್ಲಿ ಮಗಳು ಅಪ್ಪನ ಕೈಗೆ, ಭಾನುವಾರ ಸಂಜೆ ಅಲ್ಲೇ ನನ್ನ ಕೈಗೆ. 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಬಸ್ ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ನನ್ನ, ಮಗಳ ಟಿಕೆಟ್ ಖರ್ಚು ಇಲ್ಲ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಜನ ನೆರೆಯುವ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ವಾರ ಮಾತ್ರ ಭೇಟಿ ಮುಂದಕ್ಕೆ. ಆ ಗದ್ದಲದಲ್ಲಿ ಬಸ್ ಹತ್ತುವುದೇ ಆಗದು, ಮಗು ಕೈತಪ್ಪಿದರೆ ಗತಿಯೇನು? ಇದನ್ನು ಬರೆಸಿದವರು ಮಗಳ ಅಪ್ಪನೇ. ಹಣ ತಡವಾಯಿತೆಂದು ಭೇಟಿ ತಪ್ಪಿಸುವಂತಿಲ್ಲ, ಭೇಟಿ ತಪ್ಪಿತೆಂದು ಹಣ ಹಿಡಿಯುವಂತಿಲ್ಲ ಎಂಬ ಸಾಲನ್ನು ಇಬ್ಬರೂ ಕೇಳಿ ಹಾಕಿಸಿಕೊಂಡೆವು.

ಮಾತುಕತೆಗೆ ಕೂಡುವವರು ಇನ್ನೂ ಮೂರು ವಿಷಯ ಮರೆಯಬಾರದು. ಮೊದಲನೆಯದು ಸುಕನ್ಯಾ ಸಮೃದ್ಧಿ ಪಾಸ್‌ಬುಕ್. ಮಗಳಿಗೆ 18 ಆಗುವವರೆಗೆ ಖಾತೆ ನಡೆಸುವವರು ಪೋಷಕರೆಂದು ಹೆಸರು ಕೊಟ್ಟವರು. ಒಬ್ಬ ಹುಡುಗಿಗೆ ಒಂದೇ ಖಾತೆ. 2024ರ ಜನವರಿಯಲ್ಲಿ ಅದರ ಬಡ್ಡಿ ಶೇ 8.2ಕ್ಕೆ ಏರಿತು. ವರ್ಷಕ್ಕೆ ಕನಿಷ್ಠ 250 ರೂಪಾಯಿ ಕಟ್ಟುವವರು ಯಾರು ಎಂಬುದನ್ನೂ ಬರೆದಿಡಿ. ಎರಡನೆಯದು ಬಂಗಾರ. ಮದುವೆಯಲ್ಲಿ ಹೆಣ್ಣಿಗೆ ಹಾಕಿದ್ದು ಸ್ತ್ರೀಧನ, ಅದು ಅವಳದೇ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಆದರೆ ಅವಳ ಬೋರಮಾಳ ಗಂಡನ ಹೆಸರಿನ ಸಾಲಕ್ಕೆ ಅಡವಿರುವುದನ್ನು ನಾನು ಕೌಂಟರಿನ ಈಚೆಯಿಂದ ಎಷ್ಟೋ ಸಲ ನೋಡಿದ್ದೇನೆ. ಬಿಡಿಸಿಕೊಡುವವರು ಯಾರು, ಯಾವ ತಾರೀಖಿನೊಳಗೆ ಎಂಬುದು ಕರಾರಿನಲ್ಲಿರಲಿ. ಮೂರನೆಯದು ರೇಷನ್ ಕಾರ್ಡ್. ಹೆಸರು ಅತ್ತೆಯ ಕಾರ್ಡಿನಲ್ಲೇ ಉಳಿದರೆ ಗೃಹಲಕ್ಷ್ಮಿಯ 2,000 ಅತ್ತೆಯ ಖಾತೆಗೇ ಬೀಳುತ್ತದೆ. ಹೆಸರು ತೆಗೆಸಿ ಬೇರೆ ಕಾರ್ಡ್ ಮಾಡಿಸಿಕೊಳ್ಳಿ.

ಹೊಡೆತ ಬಡಿತ ಇದ್ದ ಮನೆಯವರಿಗೆ ಹೀಗೆ ಮಾತುಕತೆಗೆ ಕೂಡಿರಿ ಎಂದು ನಾನು ಹೇಳುವುದಿಲ್ಲ. ಹೆದರಿಕೊಂಡು ಕೂತವಳ ಒಪ್ಪಿಗೆ ಒಪ್ಪಿಗೆಯಲ್ಲ. ಅಲ್ಲಿ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯೇ ಮೊದಲ ದಾರಿ. ಆದಾಯ ಮುಚ್ಚಿಡುವವರಿಗೂ ಮದ್ದುಂಟು: 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ ಜೀವನಾಂಶದ ಪ್ರಕರಣದಲ್ಲಿ ಇಬ್ಬರೂ ಆಸ್ತಿ, ಸಾಲ, ಆದಾಯದ ಪ್ರಮಾಣಪತ್ರ ಸಲ್ಲಿಸಬೇಕು.

ಉಳಿದವರು ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ವಕೀಲರ ನೆರವು ಉಚಿತ, ಸಹಾಯವಾಣಿ 15100. 2025ರ ಜುಲೈ 1ರಿಂದ 90 ದಿನ ದೇಶದ ತಾಲೂಕು ಕೋರ್ಟುಗಳಲ್ಲೂ ಮಧ್ಯಸ್ಥಿಕೆಯ ಅಭಿಯಾನ ನಡೆಯಿತು, ಕೌಟುಂಬಿಕ ವ್ಯಾಜ್ಯಗಳೂ ಅದರಲ್ಲಿದ್ದವು. ಲೋಕ ಅದಾಲತ್‌ನಲ್ಲಿ ಮತ್ತೆ ಒಂದಾಗಿ ಹಾರ ಬದಲಿಸಿಕೊಂಡ ಜೋಡಿಯ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಲೆಕ್ಕ ಹರಿದು ಬೇರೆಯಾದವರ ಫೋಟೊ ಬರುವುದಿಲ್ಲ, ಆದರೆ ಅದೂ ರಾಜಿಯೇ. ಒಪ್ಪಿದ್ದನ್ನು ಕೋರ್ಟಿನ ಡಿಕ್ರಿಗೆ ಸೇರಿಸಿಕೊಂಡರೆ ಬಾಂಡ್‌ಗಿಲ್ಲದ ಬಲ ಅದಕ್ಕೆ ಬರುತ್ತದೆ.

ನಮ್ಮ ಕರಾರಿನ ಕೊನೆಯ ಕಲಮು: ಪ್ರತಿ ಮಾರ್ಚ್‌ನಲ್ಲಿ ಕಡಲೆ ಮಾರಿದ ಮೇಲೆ ಇಬ್ಬರೂ ಕೂತು ಮುಂದಿನ ವರ್ಷದ ಲೆಕ್ಕ ನೋಡಬೇಕು. ಈ ಸಲ ಹೈಸ್ಕೂಲಿನ ಮಾತು ಬರುತ್ತದೆ. ಅವರದು ಧಾರವಾಡದ ಹಾಸ್ಟೆಲ್, ನನ್ನದು ಬೈಲಹೊಂಗಲ. ಜಗಳ ಆಗುವುದೇ. ಆಗಲಿ, ಅದಕ್ಕೂ ತಾರೀಖು ಗೊತ್ತಾಗಿದೆ.