ದಯೆಯೂ ಒಂದು ಕಾಯಕ

ದಯೆಯೆಂಬ ಶಬ್ದವು ಸಂಸ್ಕೃತದ ‘ದಯ್’ ಧಾತುವಿನಿಂದ ಹುಟ್ಟಿದುದು. ಧಾತುಪಾಠವು ಈ ಧಾತುವಿಗೆ ಹೇಳಿರುವ ಅರ್ಥಗಳಲ್ಲಿ ಗತಿ, ದಾನ, ರಕ್ಷಣ ಎಂಬ ಮೂರೂ ಸೇರಿವೆ. ಬಳಿಗೆ ಹೋಗುವುದು, ಕೊಡುವುದು, ಕಾಪಾಡುವುದು ಇವೆಲ್ಲವೂ ಕ್ರಿಯೆಗಳು. ಕಂಡ ದುಃಖಕ್ಕೆ ಮನಸ್ಸು ಕರಗುವುದು ದಯೆಯ ಮೊದಲ ಮೆಟ್ಟಿಲು. ಕೈ ದುಡಿದಾಗ ಅದು ಪೂರ್ಣವಾಗುವುದು. ಶರಣರು ಕಾಯಕಕ್ಕೆ ಕೊಟ್ಟ ಹಿರಿಮೆಯನ್ನು ಬಲ್ಲ ಸದ್ಭಕ್ತರಿಗೆ ಈ ಮಾತು ಹೊಸದಲ್ಲ. ಮೂಕಪ್ರಾಣಿಗಳ ವಿಷಯದಲ್ಲಿ ಇದು ಹೇಗೆ ನೆರವೇರುವುದೆಂಬುದಕ್ಕೆ ಬೆಂಗಳೂರಿನ ಒಂದು ಪ್ರಾಣಿದಯಾ ಸಂಸ್ಥೆಯು ನಿದರ್ಶನವಾಗಿದೆ.

1959ರಲ್ಲಿ ಕ್ರಿಸ್ಟಲ್ ರಾಜರ್ಸ್ ಎಂಬ ಆಂಗ್ಲ ಮಹಿಳೆಯು ನ್ಯೂಜಿಲೆಂಡಿಗೆ ಹೋಗುವ ಹಾದಿಯಲ್ಲಿ ದೆಹಲಿಗೆ ಬಂದರು. ಅಲ್ಲಿ ಬೀದಿಯ ಬದಿಯಲ್ಲಿ ಸಾಯುತ್ತ ಬಿದ್ದಿದ್ದ ಕುದುರೆಯೊಂದನ್ನು ಕಾಗೆಗಳು ಕುಕ್ಕುತ್ತಿದ್ದುದನ್ನು ಕಂಡು, ಮುಂದಿನ ಪ್ರಯಾಣವನ್ನು ತೊರೆದು ಈ ದೇಶದಲ್ಲಿಯೇ ನಿಂತರು. ದೆಹಲಿ, ಜಯಪುರಗಳಲ್ಲಿ ಪ್ರಾಣಿಸೇವೆಯನ್ನು ನಡೆಸಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, 1991ರಲ್ಲಿ, ಬೆಂಗಳೂರಿನಲ್ಲಿ ‘ಕಂಪ್ಯಾಷನ್ ಅನ್‌ಲಿಮಿಟೆಡ್ ಪ್ಲಸ್ ಆಕ್ಷನ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ‘ಕ್ಯೂಪಾ’ ಎಂಬುದು ಅದರ ಕಿರುಹೆಸರು. ಎಲ್ಲೆಯಿಲ್ಲದ ಕರುಣೆ, ಅದರೊಡನೆ ಕ್ರಿಯೆ ಎಂದು ಪೂರ್ಣನಾಮದ ಅರ್ಥ. ಕುದುರೆಯನ್ನು ಅಂದು ನೋಡಿದವರು ಹಲವರಿದ್ದರು. ಬಳಿಗೆ ಹೋದವರಿಂದ ಮಾತ್ರವೇ ಇಂತಹ ಕಾರ್ಯವು ಬೆಳೆಯುವುದು.

ಗಾಯಗೊಂಡ ಪ್ರಾಣಿಗಳನ್ನು ತಂದು ಚಿಕಿತ್ಸೆ ಮಾಡಿಸುವುದು, ದಿಕ್ಕಿಲ್ಲದವುಗಳಿಗೆ ಆಶ್ರಯ ಕೊಡುವುದು, ಬೀದಿನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ ಲಸಿಕೆ ಹಾಕಿಸುವುದು ಈ ಸಂಸ್ಥೆಯು ಕೈಕೊಂಡ ಸೇವೆಗಳು. ಇವುಗಳಲ್ಲಿ ಕಡೆಯದನ್ನು ಕುರಿತು ಹಲವರಿಗೆ ಸಂದೇಹವುಂಟು. ಮಕ್ಕಳನ್ನು ಕಚ್ಚುವ ನಾಯಿಗಳಿಗೆ ಇಷ್ಟು ಉಪಚಾರವೇಕೆ ಎಂದು ಅವರು ಕೇಳುವರು. ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಹುಚ್ಚುನಾಯಿ ರೋಗದ ಲಕ್ಷಣಗಳು ಒಮ್ಮೆ ತೋರಿದ ಮೇಲೆ ಮನುಷ್ಯನು ಬದುಕುವುದು ಅತಿ ವಿರಳ.

ಇದಕ್ಕೆ ಉತ್ತರವು ಆ ಸೇವೆಯಲ್ಲಿಯೇ ಇದೆ. ಒಂದು ಊರಿನ ನಾಯಿಗಳಲ್ಲಿ ನೂರಕ್ಕೆ 70ರಷ್ಟಕ್ಕೆ ಲಸಿಕೆ ಹಾಕಿದರೆ ರೋಗದ ಹಬ್ಬುಗೆಯು ಕಡಿಯುವುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಹೆಣ್ಣುನಾಯಿಯು ಸುಮಾರು 63 ದಿನಗಳಲ್ಲಿ ಹಲವು ಮರಿಗಳನ್ನು ಈಯುವುದರಿಂದ ಶಸ್ತ್ರಚಿಕಿತ್ಸೆಯೂ ಅವಶ್ಯಕ. 2001ರ ನಿಯಮಗಳೂ ಅವುಗಳ ಸ್ಥಾನದಲ್ಲಿ ಬಂದ 2023ರ ನಿಯಮಗಳೂ, ಹೀಗೆ ಚಿಕಿತ್ಸೆಯಾದ ನಾಯಿಯನ್ನು ಹಿಡಿದ ಸ್ಥಳದಲ್ಲಿಯೇ ಬಿಡಬೇಕೆಂದು ವಿಧಿಸಿದುವು. ತೆರವಾದ ಸ್ಥಳಕ್ಕೆ ಲಸಿಕೆಯಿಲ್ಲದ ಬೇರೆ ನಾಯಿಗಳು ಬಂದು ಸೇರುವುವೆಂಬುದು ಇದರ ಕಾರಣ. ಹುಚ್ಚು ಹಿಡಿದ ಹಾಗೂ ಮೇಲೆ ಬೀಳುವ ನಾಯಿಗಳನ್ನು ಬಿಡಬಾರದೆಂದೂ, ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಂತಹ ಆವರಣಗಳಿಂದ ಹಿಡಿದವುಗಳನ್ನು ಅಲ್ಲಿಗೇ ಮರಳಿಸಬಾರದೆಂದೂ ಸರ್ವೋಚ್ಚ ನ್ಯಾಯಾಲಯವು 2025ರಲ್ಲಿ ಆಜ್ಞಾಪಿಸಿತು. ನಾಯಿಗೆ ಹಾಕಿದ ಲಸಿಕೆಯು ಮಗುವಿಗೂ ರಕ್ಷೆಯಾಗುವುದು. ಇಲ್ಲಿ ಪ್ರಾಣಿದಯೆ, ಮನುಷ್ಯದಯೆ ಎಂಬ ಭೇದವು ನಿಲ್ಲದು.

ಹೀಗಿರುವಲ್ಲಿ, ಬಾಗಿಲಿಗೆ ಬಂದ ನಾಯಿಗೆ ದಿನವೂ ಅನ್ನವಿಕ್ಕಿ ಲಸಿಕೆಯ ಗೊಡವೆಗೇ ಹೋಗದ ಗೃಹಸ್ಥನು ದಾನವನ್ನು ಮಾಡಿ ರಕ್ಷಣವನ್ನು ಮರೆತಂತಾಯಿತು.

ಎತ್ತುಗಳ ವಿಷಯವೂ ಹೀಗೆಯೇ. ಕಾರಹುಣ್ಣಿಮೆಯಂದು ಕೊಂಬಿಗೆ ಬಣ್ಣ ಬಳಿದು, ಗೆಜ್ಜೆ ಕಟ್ಟಿ, ಹೋಳಿಗೆ ತಿನ್ನಿಸಿ, ಮರುದಿನವೇ ಮಿತಿಮೀರಿದ ಹೇರನ್ನು ಹೇರಿ ಬಾರುಕೋಲಿನಿಂದ ಹೊಡೆದರೆ ಆ ಪೂಜೆಯು ಯಾರಿಗೆ ಸಂದಿತು? ಪ್ರಾಣಿಹಿಂಸೆಯನ್ನು ತಡೆಯುವ 1960ರ ಕಾಯಿದೆಯು ಹೊಡೆತವನ್ನೂ ಅತಿಭಾರವನ್ನೂ ಅಪರಾಧವೆಂದಿದೆ. ಹೇರೆಳೆಯುವ ಪ್ರಾಣಿಗಳಿಂದ ದಿನಕ್ಕೆ 9 ಗಂಟೆಗಿಂತ ಹೆಚ್ಚಾಗಿ, ವಿಶ್ರಾಂತಿಯಿಲ್ಲದೆ ಒಂದೇ ಸಮನೆ 5 ಗಂಟೆಗಿಂತ ಹೆಚ್ಚಾಗಿ ದುಡಿಸಬಾರದೆಂದೂ, ಬಿಸಿಲು 37 ಡಿಗ್ರಿಯನ್ನು ಮೀರುವ ಪ್ರದೇಶಗಳಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಹೂಡಬಾರದೆಂದೂ 1965ರ ನಿಯಮಗಳು ಹೇಳುತ್ತವೆ. ಭಕ್ತನಾದವನು ಕಾಯಿದೆಯ ಭಯಕ್ಕಾಗಿ ಇದನ್ನು ಪಾಲಿಸಬೇಕಾಗಿಲ್ಲ. ತನ್ನ ಕಾಯಕದಲ್ಲಿ ಪಾಲುಗೊಂಡ ಜೀವಕ್ಕೆ ಸಲ್ಲಿಸುವ ಋಣವೆಂದು ಪಾಲಿಸಿದರೆ ಸಾಕು.

ಎಲ್ಲರೂ ಸಂಸ್ಥೆ ಕಟ್ಟಲಾರರು. ಆದರೆ ಸಾಕಿದ ನಾಯಿಗೆ ತಪ್ಪದೆ ಲಸಿಕೆ ಹಾಕಿಸುವುದು, ಬೇಸಗೆಯಲ್ಲಿ ಮನೆಯ ಮುಂದೆ ನೀರಿನ ಬಾನಿಯನ್ನಿಡುವುದು, ಗಾಯಗೊಂಡ ದನವನ್ನು ಕಂಡಾಗ ಪಶುವೈದ್ಯರನ್ನು ಕರೆಸುವುದು ಪ್ರತಿ ಮನೆಯವರಿಗೂ ಸಾಧ್ಯ. ನಾಯಿ ಕಚ್ಚಿದರೆ ಗಾಯವನ್ನು ಸಾಬೂನು ನೀರಿನಿಂದ 15 ನಿಮಿಷ ತೊಳೆದು, ಒಡನೆಯೇ ಆಸ್ಪತ್ರೆಗೆ ಹೋಗಿ ಲಸಿಕೆ ಪಡೆಯಬೇಕೆಂಬುದನ್ನು ಮನೆಯ ಮಕ್ಕಳಿಗೂ ಕಲಿಸಬೇಕು. ನಿತ್ಯಪೂಜೆಯಂತೆ ಇವೂ ನಿತ್ಯದ ನಡೆಯಾದಾಗ, ದಯೆಯೆಂಬ ಶಬ್ದದ ಮೂರು ಅರ್ಥಗಳೂ ಗೃಹಸ್ಥನ ಮನೆಯಂಗಳದಲ್ಲಿ ಸಾರ್ಥಕವಾಗುವುವು.