ನೋವು ಏರುವವರೆಗೆ ಕಾಯಬೇಡಿ

ಪ್ರಶ್ನೆ: ತಾಯಿಗೆ 58 ವರ್ಷ. ಸ್ತನ ಕ್ಯಾನ್ಸರ್ ಬೆನ್ನುಮೂಳೆಗೆ, ಸೊಂಟಕ್ಕೆ ಹರಡಿದೆ. ವೈದ್ಯರು ಬರೆದ ಮಾರ್ಫಿನ್ ಮಾತ್ರೆ ಚಟವಾದೀತೆಂದು ಹೆದರಿ, ನೋವು ತಡೆಯಲಾಗದಾಗ ಮಾತ್ರ ಕೊಡುತ್ತಿದ್ದೇವೆ. ಸರಿಯೇ?

ಉತ್ತರ: ಸರಿಯಲ್ಲ, ಇಂದೇ ಬದಲಿಸಿ. ಸಾಧಾರಣ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು 4 ಗಂಟೆ ಇರುತ್ತದೆ. ನೋವು ಮರುಕಳಿಸುವ ಮುನ್ನವೇ, ವೈದ್ಯರು ಬರೆದ ಹೊತ್ತಿಗೆ ಸರಿಯಾಗಿ ಕೊಡಿ. ಏರಿದ ನೋವನ್ನು ಇಳಿಸುವುದು ಬಹಳ ಕಷ್ಟ. ವೈದ್ಯರ ನಿಗಾದಲ್ಲಿ ಕ್ಯಾನ್ಸರ್ ನೋವಿಗೆ ಕೊಟ್ಟಾಗ ಚಟ ಹತ್ತುವುದು ಅಪರೂಪ. ದೇಹ ಔಷಧಕ್ಕೆ ಒಗ್ಗಿಕೊಳ್ಳುವುದು ನಿಜ, ಹಾಗಾಗಿ ಥಟ್ಟನೆ ನಿಲ್ಲಿಸಬಾರದು. ಆದರೆ ಅದು ಚಟವಲ್ಲ. ಮಾರ್ಫಿನ್ ಎಂದರೆ ಕೊನೆಗಾಲ ಎಂಬ ಮಾತನ್ನೂ ನಂಬಬೇಡಿ, ನೋವು ತಗ್ಗಿದರೆ ಪ್ರಮಾಣವನ್ನೂ ಇಳಿಸುತ್ತಾರೆ. ನಿಜವಾಗಿ ಕಾಡುವುದು ಮಲಬದ್ಧತೆ. ಮೊದಲ ದಿನದಿಂದಲೇ ಅದಕ್ಕೆ ಔಷಧ ಕೇಳಿ ಪಡೆಯಿರಿ. ತಾಯಿ ವಿಪರೀತ ಮಂಪರಿನಲ್ಲಿದ್ದರೆ ಮುಂದಿನ ಮಾತ್ರೆ ಕೊಡದೆ ತಕ್ಷಣ ವೈದ್ಯರನ್ನು ಸಂಪರ್ಕಿಸಿ.

ಆದರೆ ಮಾರ್ಫಿನ್ ಮೂಳೆಯನ್ನು ಗಟ್ಟಿ ಮಾಡುವುದಿಲ್ಲ, ಆದ್ದರಿಂದ ಈ ವಾರವೇ ರೇಡಿಯೇಷನ್ ತಜ್ಞರನ್ನು ಕಾಣಿ. 8 ಗ್ರೇ ವಿಕಿರಣವನ್ನು ಒಂದೇ ಸಲ ಕೊಟ್ಟರೂ ಹಲವು ದಿನಗಳ ಚಿಕಿತ್ಸೆಯಷ್ಟೇ ನೋವು ಇಳಿಯುತ್ತದೆಂದು ಅಧ್ಯಯನಗಳು ತೋರಿಸಿವೆ. ಕೆಲವರಿಗೆ ಮತ್ತೊಮ್ಮೆ ಬೇಕಾಗಬಹುದು, ಆದರೂ ಆಸ್ಪತ್ರೆಗೆ ಪದೇ ಪದೇ ಓಡಾಡುವುದು ತಪ್ಪುತ್ತದೆ. ಮೂಳೆ ಮುರಿತ ತಗ್ಗಿಸುವ ಜೋಲೆಡ್ರೋನಿಕ್ ಆಮ್ಲದ ಬಗ್ಗೆಯೂ ಕೇಳಿ. ಅದಕ್ಕೆ ಮುನ್ನ ಹಲ್ಲು, ಮೂತ್ರಪಿಂಡ, ಕ್ಯಾಲ್ಸಿಯಂ ಪರೀಕ್ಷೆ ಆಗಲೇಬೇಕು.

ಕಾಲಿನ ಬಲ ಕುಂದಿದರೆ, ಮರಗಟ್ಟಿದರೆ, ಮೂತ್ರ ಕಟ್ಟಿದರೆ ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಿರಬಹುದು: ರಾತ್ರಿಯಾದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಅತಿ ಬಾಯಾರಿಕೆ, ವಾಂತಿ, ಗೊಂದಲ ಕಂಡರೆ ಅದೇ ದಿನ ರಕ್ತದ ಕ್ಯಾಲ್ಸಿಯಂ ನೋಡಿಸಿ.